ಕ್ರಾಬಿಯಿಂದ ತಂದ ಮುರಿದ ಹ್ಯಾಂಗರ್: ಸ್ಟೇನ್‌ಲೆಸ್ ಸ್ಟೀಲ್ ಹಪ್ಪಳದ ಹಾಗೆ ಮುರಿಯುತ್ತಾ?

ಬಂಡೆಹುಳ (ಭಾನುವಾರ, ರಾತ್ರಿ 9:12)

ಹೋದ ತಿಂಗಳು ನಾವು ನಾಲ್ಕು ಜನ ಥಾಯ್ಲೆಂಡಿನ ಕ್ರಾಬಿಗೆ ಹೋಗಿದ್ದೆವು. ರೈಲೇ, ತೊನ್‌ಸಾಯ್, ಒಟ್ಟು ಆರು ದಿನ. ಮರಳಿನಿಂದಲೇ ಎದ್ದು ನಿಂತ ಸುಣ್ಣಕಲ್ಲಿನ ಗೋಡೆಗಳು. ಚಪ್ಪಲಿ ಬಿಟ್ಟ ಜಾಗಕ್ಕೇ ಅಲೆ ಬರುತ್ತೆ. ಆ ಕತೆ ಇನ್ನೊಮ್ಮೆ ಬರೆಯುತ್ತೇನೆ, ಈಗ ಕೇಳಬೇಕಾಗಿರೋದು ಬೇರೆ.

ಹೊರಡುವ ಹಿಂದಿನ ಸಂಜೆ ಅಲ್ಲಿನ ಹಿರಿಯ ಗೈಡ್ ಒಬ್ಬರ ಜೊತೆ ಕೂತಿದ್ದೆ. ಅವರ ಬೆಂಚಿನ ಕೆಳಗೆ ಒಂದು ಬಿಸ್ಕತ್ ಡಬ್ಬ. ಡಬ್ಬದ ತುಂಬ ಹಳೇ ಬೋಲ್ಟು, ಹ್ಯಾಂಗರು. (ಬಂಡೆ ಹತ್ತದವರಿಗೆ: ಬಂಡೆಗೆ ತೂತು ಕೊರೆದು ಬೋಲ್ಟ್ ಕೂರಿಸುತ್ತಾರೆ. ಅದರ ತಲೆಗೆ ಸಿಕ್ಕಿಸಿದ, ಮಡಚಿದ ಲೋಹದ ಕಿವಿಯೇ ಹ್ಯಾಂಗರ್. ನಾವು ಬಿದ್ದರೆ ಹಗ್ಗದ ಭಾರ ಹೊರೋದು ಅದೇ.) ಒಂದನ್ನು ಆರಿಸಿ ನನ್ನ ಕೈಗಿಟ್ಟರು. ಮೇಲೆ ಅಲ್ಲಲ್ಲಿ ಚಹಾ ಚೆಲ್ಲಿದ ಹಾಗೆ ಕಂದು ಕಲೆ, ಅಷ್ಟೆ. 25 ಕಿಲೋನ್ಯೂಟನ್ ಅಂತ ಒತ್ತಿದ ಅಕ್ಷರ ಹೊಸದರಂತೆ ಕಾಣುತ್ತಿತ್ತು. ಅಂದರೆ ಹತ್ತಿರ ಹತ್ತಿರ ಎರಡೂವರೆ ಟನ್.

ಇಕ್ಕಳ ಕೊಟ್ಟು ಬಗ್ಗಿಸು ಅಂದರು. ಬಗ್ಗಲೇ ಇಲ್ಲ. ಟಕ್ ಅಂತ ಎರಡು ತುಂಡಾಯಿತು. ನಾನೇನೂ ಪೈಲ್ವಾನ್ ಅಲ್ಲ, ದಿನವಿಡೀ ಕೀಬೋರ್ಡ್ ಕುಟ್ಟೋ ಕೈ ಇದು. ಮುರಿದ ಅಂಚು ನೋಡಿದೆ. ಮುಕ್ಕಾಲು ಭಾಗ ಕಪ್ಪಗಿತ್ತು, ಒಂದು ಮೂಲೆ ಮಾತ್ರ ಹೊಳೆಯುತ್ತಿತ್ತು. "ಹೊಳೆಯುವಷ್ಟು ಮಾತ್ರ ನೀನು ಮುರಿದದ್ದು, ಉಳಿದದ್ದು ಮೊದಲೇ ಮುರಿದಿತ್ತು" ಅಂದರು.

ತುಂಡು ಈಗ ನನ್ನ ಮೇಜಿನ ಮೇಲಿದೆ. ಸ್ಟೇನ್‌ಲೆಸ್ ಸ್ಟೀಲ್ ಹೀಗೆ ಮುರಿಯೋದು ಹೇಗೆ? ಗೊತ್ತಿದ್ದವರು ಹೇಳಿ. ಆರು ದಿನ ಇಂಥದ್ದಕ್ಕೇ ಜೋತು ಬಿದ್ದಿದ್ದೆನಾ ಅನ್ನೋ ಹುಳ ತಲೆ ಕೊರೆಯುತ್ತಿದೆ.

ಸುಮ್ನೆ ಓದುಗ (ರಾತ್ರಿ 9:20)

ಹೆಸರಲ್ಲೇ ಹುಳ ಇದೆಯಲ್ಲ ಗುರು.

ಪೀಣ್ಯ ಗ್ರಿಲ್ (ರಾತ್ರಿ 9:41)

ಡೂಪ್ಲಿಕೇಟ್ ಮಾಲು ಸಾರ್. ಇಪ್ಪತ್ತು ವರ್ಷದಿಂದ ಎಸ್‌ಎಸ್ ರೇಲಿಂಗ್, ಗೇಟ್ ಮಾಡುತ್ತಾ ಇದ್ದೇನೆ. 304 ಗ್ರೇಡ್ ಅಂತ ಬಿಲ್ ಹಾಕಿ 202 ಗ್ರೇಡ್ ಕೊಡೋರು ಗಲ್ಲಿಗೊಬ್ಬರಿದ್ದಾರೆ. 202ರಲ್ಲಿ ನಿಕ್ಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ತುಂಬಿರುತ್ತಾರೆ, ಅದಕ್ಕೇ ರೇಟ್ ಕಮ್ಮಿ. ಹೊಸದರಲ್ಲಿ ಎರಡೂ ಒಂದೇ ಥರ ಮಿನುಗುತ್ತವೆ. ಎರಡು ಮಳೆಗಾಲ ಹೋದರೆ ಬಣ್ಣ ಬಯಲು. ಆ ತುಂಡಿಗೆ ಮ್ಯಾಗ್ನೆಟ್ ಇಟ್ಟು ನೋಡಿ. ಹಿಡಿದರೆ ಡೂಪ್ಲಿಕೇಟ್.

ಬಂಡೆಹುಳ (ರಾತ್ರಿ 9:55)

ಫ್ರಿಜ್ ಮೇಲಿನ ಮ್ಯಾಗ್ನೆಟ್ ಇಟ್ಟೆ. ಮಡಚಿದ ಜಾಗದಲ್ಲಿ ಸ್ವಲ್ಪ ಎಳೆಯುತ್ತೆ. ಚಪ್ಪಟೆ ಜಾಗದಲ್ಲಿ ಇಲ್ಲ. ಇದರ ಅರ್ಥ ಏನು?

ಉಪ್ಪುನೀರು (ರಾತ್ರಿ 10:30)

ಮ್ಯಾಗ್ನೆಟ್ ನಂಬಬೇಡಿ ಮಾರಾಯ್ರೆ. 304 ಅನ್ನು ತಣ್ಣಗೇ ಮಡಚಿದರೆ ಆ ಮಡಿಕೆಯಲ್ಲಿ ಒಳರಚನೆ ಸ್ವಲ್ಪ ಬದಲಾಗಿ ಅಯಸ್ಕಾಂತ ಹಿಡಿಯುತ್ತೆ. ನಿಮ್ಮ ತುಂಡು ಅಸಲಿ 304 ಇದ್ದರೂ ಹಾಗೇ ಆಗುತ್ತೆ. ಇನ್ನು ಮಡಚದ 202 ಕೂಡ ಅಯಸ್ಕಾಂತ ಹಿಡಿಯೋದಿಲ್ಲ. ಹಾಗಾಗಿ ಆ ಪರೀಕ್ಷೆಯಿಂದ ಎರಡನ್ನೂ ಬೇರೆ ಮಾಡೋಕಾಗಲ್ಲ. ಪೀಣ್ಯದವರು ಬೇಜಾರು ಮಾಡಿಕೊಳ್ಳಬಾರದು, ನಿಮ್ಮ ಅಂಗಡಿಗಳಲ್ಲಿ ಬ್ಯಾಟರಿ ಇಟ್ಟು ಲಿಕ್ವಿಡ್ ಬಿಟ್ಟು ಬಣ್ಣ ನೋಡುತ್ತಾರಲ್ಲ, ಅದು ಎಷ್ಟೋ ವಾಸಿ.

ನಾನು ಮಂಗಳೂರಿನವ. ಮೂವತ್ತು ವರ್ಷ ರಾಸಾಯನಿಕ ಕಾರ್ಖಾನೆಯಲ್ಲಿ ಪೈಪು, ಟ್ಯಾಂಕುಗಳ ತುಕ್ಕು ನೋಡಿಕೊಂಡಿದ್ದೆ. ಬಂಡೆ ಹತ್ತಿದವನಲ್ಲ, ಅಡಿಕೆ ಮರವನ್ನೂ ಹತ್ತಿಲ್ಲ. ಆದರೆ ನಿಮ್ಮ ಹ್ಯಾಂಗರ್ ಮುರಿದ ಕತೆ ಓದಿದ ತಕ್ಷಣ ರೋಗ ಯಾವುದು ಅಂತ ಗೊತ್ತಾಯಿತು. ಸ್ಟ್ರೆಸ್ ಕೊರೋಷನ್ ಕ್ರ್ಯಾಕಿಂಗ್. ನಮ್ಮಲ್ಲಿ ಎಸ್‌ಸಿಸಿ ಅಂತಲೇ ಕರೆಯೋದು. ಕನ್ನಡದಲ್ಲಿ ಎಳೆತದ ಬಿರುಕು ಅನ್ನಬಹುದೇನೋ.

ಸ್ಟೇನ್‌ಲೆಸ್ ಅಂದರೆ ತುಕ್ಕೇ ಹಿಡಿಯದ ಲೋಹ ಅಲ್ಲ. ತುಕ್ಕಿನ ತೆಳ್ಳನೆ ಅಂಗಿಯನ್ನು ತಾನೇ ಹೊಲಿದುಕೊಂಡ ಲೋಹ. 304ರಲ್ಲಿ ಸುಮಾರು ನೂರಕ್ಕೆ 18 ಪಾಲು ಕ್ರೋಮಿಯಂ, 8 ಪಾಲು ನಿಕ್ಕಲ್ ಇರುತ್ತೆ. ಆ ಕ್ರೋಮಿಯಂ ಗಾಳಿಯ ಆಮ್ಲಜನಕ ಹಿಡಿದು ಮೇಲೆ ಒಂದು ಪೊರೆ ಕಟ್ಟುತ್ತೆ. ದಪ್ಪ ಕೆಲವೇ ನ್ಯಾನೋಮೀಟರ್. ಗೀರಿದರೆ ಮತ್ತೆ ಕಟ್ಟಿಕೊಳ್ಳುತ್ತೆ. ಈ ಪೊರೆಯ ಶತ್ರು ಕ್ಲೋರೈಡ್, ಅಂದರೆ ಸಮುದ್ರದ ಉಪ್ಪು. ಅದು ಎಲ್ಲ ಕಡೆ ಸಮನಾಗಿ ತಿನ್ನಲ್ಲ. ಸೂಜಿ ಮೊನೆಯಷ್ಟು ಜಾಗದಲ್ಲಿ ಪೊರೆ ತೂತು ಮಾಡುತ್ತೆ. ಲೋಹದಲ್ಲಿ ಎಳೆತ ಇದ್ದರೆ ಆ ತೂತಿನ ಬುಡದಿಂದ ಬಿರುಕು ಹೊರಡುತ್ತೆ, ಮರದ ಬೇರಿನ ಹಾಗೆ ಕವಲೊಡೆಯುತ್ತಾ ಒಳಗೆ ಹೋಗುತ್ತೆ. ಹೊರಗೆ ಕಾಣೋದು ಒಂದು ಕಂದು ಚುಕ್ಕೆ ಮಾತ್ರ.

ಯಾರೂ ಬೀಳದಿದ್ದರೂ ಎಳೆತ ಎಲ್ಲಿಂದ ಬಂತು ಅಂತ ಕೇಳುತ್ತೀರಿ. ಹ್ಯಾಂಗರನ್ನು ಪ್ರೆಸ್‌ನಲ್ಲಿ ಮಡಚುವಾಗಲೇ ಅರ್ಧ ಎಳೆತ ಒಳಗೆ ಕೂತುಬಿಡುತ್ತೆ. ನಟ್ ಬಿಗಿ ಮಾಡಿದಾಗ ಬೋಲ್ಟಿನ ಮೈಗೆ ಇನ್ನಷ್ಟು ಬರುತ್ತೆ. ಆಮೇಲೆ ಅದು ಹಗಲೂ ರಾತ್ರಿ ಎಳೆಯುತ್ತಲೇ ಇರುತ್ತೆ. ಒಬ್ಬರೂ ಮುಟ್ಟದ ಬೋಲ್ಟ್ ಕೂಡ ತನ್ನಷ್ಟಕ್ಕೆ ಬಿರುಕು ಬಿಡಬಹುದು.

ಪೀಣ್ಯ ಗ್ರಿಲ್ (ರಾತ್ರಿ 10:44)

ಬೇಜಾರೇನಿಲ್ಲ ಸಾರ್. ಆದರೆ 304 ಬದಲು 316 ಹಾಕಿದ್ದರೆ ಮುಗೀತಿತ್ತು ಅಲ್ವಾ? ಮೆರೈನ್ ಗ್ರೇಡ್ ಅಂತಲೇ ಮಾರುತ್ತಾರೆ. ಉಡುಪಿ ಕಡೆ ಪಾರ್ಟಿಗೆ ನಾನು ಅದನ್ನೇ ಕೊಡೋದು.

ಬಂಡೆಹುಳ (ರಾತ್ರಿ 10:51)

ತುಂಡಿನ ಜೊತೆ ಬಂದ ಬೋಲ್ಟಿನ ತಲೆ ಮೇಲೆ ಎ4 ಅಂತ ಇದೆ.

ಉಪ್ಪುನೀರು (ರಾತ್ರಿ 11:05)

ಎ4 ಅಂದರೆ 316. ಎ2 ಅಂದರೆ 304. ಪೀಣ್ಯದವರ ಪ್ರಶ್ನೆಗೆ ಉತ್ತರ ನಿಮ್ಮ ಮೇಜಿನ ಮೇಲೇ ಉಂಟು. ಇನ್ನು ನಾಳೆ ಬರೆಯುತ್ತೇನೆ, ಮನೆಯಲ್ಲಿ ದೀಪ ಆರಿಸಲು ಹೇಳುತ್ತಿದ್ದಾರೆ.

ಚಾಕ್‌ಚೀಲ (ಸೋಮವಾರ, ಬೆಳಿಗ್ಗೆ 7:15)

ಸಾರ್ ಹೇಳಿದ್ದು ನಿಜ. ಕ್ರಾಬಿಯಲ್ಲಿ ಎರಡೂ ಗ್ರೇಡ್ ಮುರಿದಿವೆ. 316 ಹಾಕಿದರೆ ಒಂದಿಷ್ಟು ಕಾಲ ಜಾಸ್ತಿ ಬರಬಹುದು, ಅಷ್ಟೆ. ಅಲ್ಲಿ ತೊಂಬತ್ತರ ದಶಕದಲ್ಲಿ ಹಾಕಿದ ಒಳ್ಳೊಳ್ಳೆ ಬೋಲ್ಟುಗಳು ಕೆಲವೇ ವರ್ಷಕ್ಕೆ ಕೈಕೊಟ್ಟವು. ಕೆರಿಬಿಯನ್‌ನ ಕೇಮನ್ ಬ್ರ್ಯಾಕ್ ದ್ವೀಪದಲ್ಲೂ ಇದೇ ಕತೆ. ತೈವಾನಿನ ಲಾಂಗ್ ಡಾಂಗ್‌ನಲ್ಲೂ ಇದೇ ಕಾಟ. ಅಲ್ಲಿ ಕಲ್ಲು ಸುಣ್ಣಕಲ್ಲೂ ಅಲ್ಲ, ಮರಳುಗಲ್ಲು. ಈಗ ಈ ಕಡೆಗಳಲ್ಲೆಲ್ಲ ಟೈಟಾನಿಯಂ ಹಾಕುತ್ತಾ ಇದ್ದಾರೆ.

ಕೆಲವು ವರ್ಷದ ಹಿಂದೆ ತೊನ್‌ಸಾಯ್‌ನಲ್ಲಿ ಒಂದು ವಾರ ರೀಬೋಲ್ಟಿಂಗ್ (ಹಳೇ ಬೋಲ್ಟ್ ತೆಗೆದು ಹೊಸದು ಹಾಕೋದು) ಮಾಡುವವರ ಜೊತೆ ಕೂಲಿ ಕೆಲಸ ಮಾಡಿದ್ದೆ. ಕೂಲಿ ಅಂದರೆ ಊಟ ಅಷ್ಟೇ. ಸಂಜೆ ಬಂದು ಅದನ್ನು ಬರೆಯುತ್ತೇನೆ.

ಜ್ಯೂರಿಕ್ ಕಡೆಯವ (ಸೋಮವಾರ, ಮಧ್ಯಾಹ್ನ 1:40)

ನಾನು ಹತ್ತುವವನಲ್ಲ, ಈಜುವವ. ಆದರೂ ಒಂದು ವಿಷಯ ಹೇಳಲೇಬೇಕು. ಇಲ್ಲಿ ನಮ್ಮ ಹತ್ತಿರ ಊಸ್ಟರ್ ಅಂತ ಊರಿದೆ. 1985ರ ಮೇ ತಿಂಗಳಲ್ಲಿ ಅಲ್ಲಿನ ಒಳಾಂಗಣ ಈಜುಕೊಳದ ಕಾಂಕ್ರೀಟ್ ತೂಗುಛಾವಣಿ ಕುಸಿದು ಬಿತ್ತು. 12 ಜನ ಸತ್ತರು. ಕಟ್ಟಡಕ್ಕೆ ಆಗ 13 ವರ್ಷ. ಛಾವಣಿ ತೂಗುಹಾಕಿದ್ದು ಸ್ಟೇನ್‌ಲೆಸ್ ಸ್ಟೀಲ್ ಸರಳುಗಳಿಂದ. ಸಾರ್ ಹೇಳಿದ ಅದೇ ಬಿರುಕು. ಕೊಳದ ಕ್ಲೋರಿನ್ ಆವಿಯಿಂದ ಕ್ಲೋರೈಡ್ ಬಂತು, ಛಾವಣಿಯ ತೂಕದಿಂದ ಎಳೆತ ಬಂತು. ಆಮೇಲೆ ಯುರೋಪಿನಲ್ಲಿ ಈಜುಕೊಳದ ಛಾವಣಿಗೆ ಯಾವ ಸ್ಟೀಲ್ ಹಾಕಬೇಕು ಅನ್ನೋ ನಿಯಮಗಳೇ ಬದಲಾದವು.

ಇಲ್ಲಿಗೆ ಬಂದ ಹೊಸದರಲ್ಲಿ ಸಹೋದ್ಯೋಗಿಯೊಬ್ಬರು ಇದನ್ನು ಹೇಳಿದ್ದರು. ಅಂದಿನಿಂದ ಬೆನ್ನ ಮೇಲೆ ಈಜುವಾಗ ಮೇಲೆ ನೋಡೋದು ಅಭ್ಯಾಸ ಆಗಿಬಿಟ್ಟಿದೆ.

ಸುಮ್ನೆ ಓದುಗ (ಸೋಮವಾರ, ಮಧ್ಯಾಹ್ನ 1:52)

ನಾನು ಇವತ್ತಿಂದ ಈಜೋದೂ ಬಿಟ್ಟೆ.

ಗೋಕರ್ಣ ಗಾಳಿ (ಸೋಮವಾರ, ಸಂಜೆ 5:30)

ಎಲ್ಲರಿಗೂ ನಮಸ್ಕಾರ. ಮೂರು ವರ್ಷದಿಂದ ಬಾದಾಮಿ, ರಾಮನಗರ ಅಂತ ಹತ್ತುತ್ತಾ ಇದ್ದೇನೆ. ಊರು ಗೋಕರ್ಣದ ಹತ್ತಿರ, ಸಾಣಿಕಟ್ಟೆ ಪಕ್ಕ. ನಮ್ಮ ಕಡೆ ಸಮುದ್ರಕ್ಕೆ ಚಾಚಿದ ಗುಡ್ಡದ ಅಂಚಿನಲ್ಲಿ ಹನ್ನೆರಡು ಮೀಟರ್ ಎತ್ತರದ ಒಂದು ಗೋಡೆ ನೋಡಿಟ್ಟಿದ್ದೇನೆ. ಮಾವನ ಡ್ರಿಲ್ ಇದೆ. 304 ಬೋಲ್ಟ್ ಹತ್ತು, ಹ್ಯಾಂಗರ್ ಹತ್ತು ಆನ್‌ಲೈನ್‌ನಲ್ಲಿ ತರಿಸಿದ್ದೇನೆ. ದೀಪಾವಳಿ ರಜೆಯಲ್ಲಿ ಹಾಕೋಣ ಅಂತ. ಈ ಚರ್ಚೆ ಓದಿ ಕೈ ತಣ್ಣಗಾಯಿತು. ನಮ್ಮ ಕಡೆಯೂ ಹೀಗೇ ಆಗುತ್ತಾ? ಸಮುದ್ರದ ಪಕ್ಕ ಸ್ಟೇನ್‌ಲೆಸ್ ಬಳಸಿದ ಎಲ್ಲ ಕಡೆ ಮುರಿದಿಲ್ಲವಲ್ಲ. ಮಲ್ಪೆ ಬೋಟುಗಳಲ್ಲಿ ಎಷ್ಟೊಂದು ಎಸ್‌ಎಸ್ ಇದೆ.

ಉಪ್ಪುನೀರು (ಸೋಮವಾರ, ರಾತ್ರಿ 8:10)

ಗೋಕರ್ಣದವರೇ, ಒಳ್ಳೆ ಪ್ರಶ್ನೆ. ನಾನೂ ಮೂವತ್ತು ವರ್ಷ ಹಾಗೇ ಯೋಚಿಸುತ್ತಿದ್ದವ. ನಮ್ಮ ಕಾರ್ಖಾನೆಯ ಕಟ್ಟಳೆ ಹೇಗಿತ್ತೆಂದರೆ, 60 ಡಿಗ್ರಿ ದಾಟದ ಸ್ಟೇನ್‌ಲೆಸ್ ಪೈಪಿಗೆ ಎಸ್‌ಸಿಸಿ ಭಯ ಬೇಡ. ಬಿಸಿ ಪೈಪಿನ ಹೊದಿಕೆ ಒಳಗೆ ಉಪ್ಪಿನ ತೇವ ಸೇರಿದರೆ ಮಾತ್ರ ಹೆದರುತ್ತಿದ್ದೆವು. 30 ಡಿಗ್ರಿಯ ಕಡಲ ದಂಡೆಯಲ್ಲಿ ಬೋಲ್ಟ್ ಮುರಿಯುತ್ತೆ ಅಂತ ಯಾರಾದರೂ ಆಗ ಹೇಳಿದ್ದರೆ ನಕ್ಕುಬಿಡುತ್ತಿದ್ದೆ.

ಮತ್ತೆ ಅಲ್ಲಿ ಮುರಿದದ್ದು ಯಾಕೆ? ಇದಕ್ಕೆ ನಿಮ್ಮ ಮನೆಯ ಉಪ್ಪಿನ ಮರಿಗೆ (ಉಪ್ಪು ಹಾಕಿಡುವ ಪಾತ್ರೆ) ನೋಡಿದರೆ ಸಾಕು.

ಸಾಣಿಕಟ್ಟೆ ಉಪ್ಪು ಮನೆಯಲ್ಲಿ ಇರಬೇಕಲ್ಲ? ಮಳೆಗಾಲದಲ್ಲಿ ಅದು ನೀರು ಬಿಡುತ್ತೆ. ಪ್ಯಾಕೆಟ್ ಉಪ್ಪು ಅಷ್ಟು ಬಿಡಲ್ಲ. ಯಾಕೆ ಗೊತ್ತುಂಟಾ? ಶುದ್ಧ ಸೋಡಿಯಂ ಕ್ಲೋರೈಡ್ ಗಾಳಿಯಿಂದ ನೀರು ಹೀರಿ ಕರಗಬೇಕಾದರೆ ಗಾಳಿಯ ತೇವ ನೂರಕ್ಕೆ 75 ದಾಟಬೇಕು. ಗದ್ದೆ ಉಪ್ಪಿನಲ್ಲಿ ಸ್ವಲ್ಪ ಮೆಗ್ನೀಸಿಯಂ ಕ್ಲೋರೈಡ್ ಉಳಿದಿರುತ್ತೆ. ಅದಕ್ಕೆ 33 ಸಾಕು. ಕ್ಯಾಲ್ಸಿಯಂ ಕ್ಲೋರೈಡ್ ಕೂಡ ಅದೇ ಜಾತಿ. ಇವು ಹಗಲು ಬಿಸಿಲಿನಲ್ಲೂ ಒಣಗಲ್ಲ. ಲೋಹದ ಮೇಲೆ ಸದಾ ಒಂದು ಗಾಢವಾದ ಕಟು ಉಪ್ಪುನೀರಿನ ತೆಳು ಪದರ ಹಿಡಿದಿಟ್ಟುಕೊಳ್ಳುತ್ತವೆ. ಲ್ಯಾಬಿನಲ್ಲಿ ಸ್ಟೇನ್‌ಲೆಸ್ ಅನ್ನು ಬೇಗ ಬಿರುಕು ಬಿಡಿಸಿ ಪರೀಕ್ಷೆ ಮಾಡಲು ಏನು ಬಳಸುತ್ತೇವೆ ಅಂದುಕೊಂಡಿರಿ? ಕುದಿಯುವ ಮೆಗ್ನೀಸಿಯಂ ಕ್ಲೋರೈಡ್!

ಕ್ರಾಬಿಯ ಸುಣ್ಣಕಲ್ಲಿನಲ್ಲಿ ನೀರು ಮೇಲಿನಿಂದ ಜಿನುಗುತ್ತಾ ಬರುವಾಗ ಕಲ್ಲಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಕರಗಿಸಿಕೊಂಡು ಬರುತ್ತೆ. ಕಡಲಗಾಳಿ ಕ್ಲೋರೈಡ್ ತರುತ್ತೆ. ಬೋಲ್ಟಿನ ಮೇಲೆ ಎರಡೂ ಸೇರುತ್ತವೆ. ಮೇಲೆ ಚಾಚಿದ ಬಂಡೆ ಇರೋದರಿಂದ ಮಳೆ ನೇರವಾಗಿ ಬಿದ್ದು ತೊಳೆಯಲ್ಲ. ವರ್ಷವರ್ಷ ಅಲ್ಲೇ ಕೂತು ಗಟ್ಟಿಯಾಗುತ್ತೆ.

ಮಳೆ ತೊಳೆಯೋದು ಎಷ್ಟು ಮುಖ್ಯ ಅಂದರೆ, ನಮ್ಮ ಮನೆಯಲ್ಲೇ ನೋಡಿ. ತಾರಸಿ ಮೇಲಿನ ರೇಲಿಂಗ್ ಮಳೆಗೆ ನೆನೆದು ನೆನೆದು ಚೆನ್ನಾಗಿದೆ. ಅದೇ ಪೈಪಿನಿಂದ ಮಾಡಿದ ಮಾಡಿನ ಕೆಳಗಿನ ಕಿಟಕಿ ಗ್ರಿಲ್ ಕಂದು ತಿರುಗಿದೆ. ಮಳೆ ತಾಗದ್ದು ಹಾಳು. ಮೊದಲು ನಾನೇ ನಂಬಿರಲಿಲ್ಲ. ನೀವು ಹೇಳಿದ ಮಲ್ಪೆ ಬೋಟಿನ ಎಸ್‌ಎಸ್ ಕೂಡ ಹಾಗೆಯೇ, ದಿನಾ ನೀರು ಹೊಡೆಸಿಕೊಳ್ಳುತ್ತೆ.

316ರಲ್ಲಿ ನೂರಕ್ಕೆ 2ರಿಂದ 3 ಪಾಲು ಮಾಲಿಬ್ಡಿನಂ ಜಾಸ್ತಿ. ಅದು ಪೊರೆ ತೂತಾಗೋದನ್ನು ತಡ ಮಾಡುತ್ತೆ. ಆದರೆ ತೂತಾದ ಮೇಲೆ ಬಿರುಕು ನಿಲ್ಲಿಸೋಕೆ ಅದರಿಂದ ಆಗಲ್ಲ. ಈ ಬಿರುಕಿಗೆ ಅತಿ ಸುಲಭವಾಗಿ ಬೀಳೋದು ನಿಕ್ಕಲ್ ನೂರಕ್ಕೆ 8ರಿಂದ 12 ಇರುವ ಸ್ಟೀಲ್ ಅಂತ ಹಳೇ ಪ್ರಯೋಗಗಳೇ ತೋರಿಸಿವೆ. 304, 316 ಎರಡೂ ಸರಿಯಾಗಿ ಆ ಗುಂಡಿಯಲ್ಲೇ ಕೂತಿವೆ. ದುರದೃಷ್ಟ.

ಸುಮ್ನೆ ಓದುಗ (ಸೋಮವಾರ, ರಾತ್ರಿ 8:25)

ನನ್ನದೊಂದು ದಡ್ಡ ಪ್ರಶ್ನೆ. ಹಾಗಾದರೆ ಸಾದಾ ಕಬ್ಬಿಣಕ್ಕೆ ಜಿಂಕ್ ಬಳಿದು ಹಾಕಬಾರದಾ? ತುಕ್ಕು ಹಿಡಿದರೆ ಕಣ್ಣಿಗಾದರೂ ಕಾಣುತ್ತಲ್ಲ.

ಉಪ್ಪುನೀರು (ರಾತ್ರಿ 8:40)

ಇಡೀ ಚರ್ಚೆಯಲ್ಲೇ ಜಾಣ ಪ್ರಶ್ನೆ ಇದು. ಸಾದಾ ಕಬ್ಬಿಣ ಪ್ರಾಮಾಣಿಕ. ಕೆಂಪಾಗಿ, ಉಬ್ಬಿ, ಚಕ್ಕೆ ಉದುರಿ, ನಾನು ಸಾಯುತ್ತಾ ಇದ್ದೇನೆ ಅಂತ ಹೇಳಿಯೇ ಸಾಯುತ್ತೆ. ಆದರೆ ಕಡಲ ಅಂಚಿನಲ್ಲಿ ಜಿಂಕ್ ಬಹಳ ಬೇಗ ಕರಗಿಹೋಗುತ್ತೆ. ತೂತಿನ ಒಳಗಿನ ಭಾಗ ಹೇಗಿದೆ ಅಂತ ಹೊರಗಿಂದ ಕಾಣೋದೂ ಇಲ್ಲ. ಇನ್ನೊಂದು, ಜಿಂಕ್ ಬೋಲ್ಟಿಗೆ ಸ್ಟೇನ್‌ಲೆಸ್ ಹ್ಯಾಂಗರ್ ಜೋಡಿಸೋದು ಎಲ್ಲಕ್ಕಿಂತ ಕೆಟ್ಟದ್ದು. ಉಪ್ಪುನೀರಿನಲ್ಲಿ ಎರಡು ಲೋಹ ತಾಗಿದರೆ ಬಡವನೇ ಮೊದಲು ಕರಗೋದು. ಇಲ್ಲಿ ಬಡವ ಬೋಲ್ಟ್.

ಚಾಕ್‌ಚೀಲ (ಸೋಮವಾರ, ರಾತ್ರಿ 10:05)

ಬೆಳಿಗ್ಗೆ ಹೇಳಿದ ಹಾಗೆ ಬರೆಯುತ್ತಾ ಇದ್ದೇನೆ, ಉದ್ದ ಆಗುತ್ತೆ.

ಕ್ರಾಬಿಯಲ್ಲಿ ಹಳೇ ಬೋಲ್ಟ್ ತೆಗೆದು ಟೈಟಾನಿಯಂ ಹಾಕೋ ಕೆಲಸ ಬಹಳ ವರ್ಷದಿಂದ ನಡೆಯುತ್ತಿದೆ. ಥಾಯ್‌ಟೇನಿಯಂ ಪ್ರಾಜೆಕ್ಟ್ ಅಂತಲೇ ಒಂದು ಹೆಸರಿದೆ. ಸರ್ಕಾರದ್ದಲ್ಲ, ಕಂಪನಿಯದ್ದಲ್ಲ. ಹತ್ತೋಕೆ ಬಂದವರು ಕೊಟ್ಟ ದುಡ್ಡು, ಅಲ್ಲೇ ಉಳಿದವರ ಬೆವರು. ನಾನು ಸೇರಿದ ಗುಂಪಿನಲ್ಲಿ ಮೂರು ಜನ ಇದ್ದರು.

ಮೊದಲ ದಿನ ನನ್ನ ಕೆಲಸ ಸುತ್ತಿಗೆ. ಹಳೇ ಹ್ಯಾಂಗರಿಗೆ ಪಕ್ಕದಿಂದ ಒಂದೇಟು. ಕೆಲವು ಕಣ ಕಣ ಅಂದವು, ಏನೂ ಆಗಲಿಲ್ಲ. ನಾಲ್ಕನೆಯದು ಒಂದೇ ಏಟಿಗೆ ಬೋಲ್ಟಿನ ಮೂತಿ ಸಮೇತ ಹಾರಿ ಕೆಳಗೆ ಮರಳಿಗೆ ಬಿತ್ತು. ಅದರ ಮೇಲಿನದೂ ಕೆಳಗಿನದೂ ಗಟ್ಟಿ. ಮೂರೂ ಒಂದೇ ದಿನ, ಒಂದೇ ಡಬ್ಬದಿಂದ ಹಾಕಿದವು, ನೋಡೋಕೂ ಒಂದೇ ಥರ. ಹೆದರಿಕೆ ಹುಟ್ಟಿಸಿದ್ದು ಅದು. ನಾನು ಹಿಂದಿನ ವರ್ಷ ಅದೇ ರೂಟ್ ಲೀಡ್ ಮಾಡಿದ್ದೆ (ಅಂದರೆ ಬೋಲ್ಟಿಗೆ ಹಗ್ಗ ಸಿಕ್ಕಿಸುತ್ತಾ ಮೊದಲು ಹತ್ತಿದವಳು ನಾನೇ), ಆ ನಾಲ್ಕನೆಯದರ ಮೇಲೆ ಕೂತು ವಿಶ್ರಾಂತಿ ತೆಗೆದುಕೊಂಡದ್ದೂ ನೆನಪಿದೆ.

ಎರಡನೇ ದಿನದಿಂದ ತೂತು ತೊಳೆಯೋ ಕೆಲಸ. ಟೈಟಾನಿಯಂ ಬೋಲ್ಟಿಗೆ ನಟ್ ಇರಲ್ಲ. ಟೈಟಾನಿಯಂಗೆ ಟೈಟಾನಿಯಂ ಉಜ್ಜಿದರೆ ಕಚ್ಚಿಕೊಂಡುಬಿಡುತ್ತೆ, ಅದಕ್ಕೇ ಬಿಗಿಸೋ ಬೋಲ್ಟ್ ಮಾಡೋದು ಕಷ್ಟ. ಹಾಗಾಗಿ ಒಂದೇ ಸರಳನ್ನು ಬಗ್ಗಿಸಿ ಕಣ್ಣು ಮಾಡಿ, ಕಾಲನ್ನು ತೂತಿಗೆ ಇಳಿಸಿ ಎಪಾಕ್ಸಿ ಅಂಟಿನಲ್ಲಿ ಕೂರಿಸುತ್ತಾರೆ. ಅಂಟು ಹಿಡಿಯಬೇಕಾದರೆ ತೂತಿನಲ್ಲಿ ಒಂದು ಚಿಟಿಕೆ ಧೂಳೂ ಇರಬಾರದು. ಪಂಪಿನಿಂದ ಊದು, ಬ್ರಷ್ ಹಾಕಿ ತಿರುಗಿಸು, ಮತ್ತೆ ಊದು, ಮತ್ತೆ ಬ್ರಷ್. ತಲೆಕೆಳಗಾದ ಗೋಡೆಯಲ್ಲಿ ಜೋತು ಬಿದ್ದು ಇದನ್ನು ಮಾಡಿದರೆ ಧೂಳೆಲ್ಲ ಕನ್ನಡಕದ ಒಳಗೆ. ಸಂಜೆ ಮೂಗು ಸೀನಿದರೆ ಸುಣ್ಣ.

ಅಂಟಿನ ಗನ್ನಿನಿಂದ ಮೊದಲು ಬರೋ ಸ್ವಲ್ಪವನ್ನು ಎಸೆಯಬೇಕು, ಎರಡು ಬಣ್ಣ ಸೇರಿ ಒಂದೇ ಬಣ್ಣ ಆಗೋವರೆಗೆ. ಒಮ್ಮೆ ನಾನು ಉಳಿಸೋಣ ಅಂತ ಅದನ್ನೇ ತುಂಬಿದೆ. ಮರುದಿನ ಆ ಬೋಲ್ಟ್ ಕೈಯಲ್ಲಿ ತಿರುಗಿತು! ತೆಗೆದು ಮತ್ತೆ ಕೊರೆಯಬೇಕಾಯಿತು. ಎಲ್ಲರೂ ನನ್ನನ್ನು ನೋಡಿ ಏನೂ ಅನ್ನಲಿಲ್ಲ. ಅದೇ ಜಾಸ್ತಿ ಚುಚ್ಚಿತು.

ಚಾಚುಬಂಡೆಯಲ್ಲಿ ಅಂಟು ಹಸಿ ಇರುವಾಗ ಬೋಲ್ಟ್ ಜಾರಿ ಬೀಳದ ಹಾಗೆ ಟೇಪ್ ಹಾಕಿ ಕಟ್ಟಬೇಕು. ಗಟ್ಟಿಯಾಗೋ ತನಕ ರೂಟ್ ಕೆಳಗೆ ಹಗ್ಗ ಅಡ್ಡ ಕಟ್ಟಿ, ಇವತ್ತು ಹತ್ತಬೇಡಿ ಅಂತ ರಟ್ಟು ನೇತುಹಾಕಬೇಕು. ಆದರೂ ಯಾರೋ ಒಬ್ಬ ಬಂದು ಕೇಳುತ್ತಾನೆ, ಕೆಳಗಿನ ಎರಡು ಬೋಲ್ಟ್ ಆದರೂ ಬಳಸಲಾ ಅಂತ. ದಿನಕ್ಕೆ ಒಂದು ರೂಟ್ ಮುಗಿದರೆ ನಮಗೆ ಹಬ್ಬ.

ಟೈಟಾನಿಯಂ ಬೆಲೆ ಸ್ಟೇನ್‌ಲೆಸ್‌ಗಿಂತ ಹಲವು ಪಟ್ಟು. ಒಬ್ಬೊಬ್ಬರಿಗೆ ಸಾವಿರಾರು ರೂಪಾಯಿ ತೆಗೆದುಕೊಂಡು ನಮ್ಮೂರಿಂದ ಜನರನ್ನು ಅಲ್ಲಿಗೆ ಹತ್ತಿಸೋಕೆ ಕರೆದುಕೊಂಡು ಹೋಗೋರಿದ್ದಾರೆ. ಅದರಲ್ಲಿ ಒಂದು ಬೋಲ್ಟಿನ ದುಡ್ಡಾದರೂ ಆ ಡಬ್ಬಕ್ಕೆ ಹಾಕಿ ಅಂತ ಕೇಳಿದ್ದಕ್ಕೆ ಒಬ್ಬರು ಅದು ಅಲ್ಲಿನವರ ಜವಾಬ್ದಾರಿ ಅಂದರು. ಇರಲಿ.

ಬಂಡೆಹುಳ (ಸೋಮವಾರ, ರಾತ್ರಿ 10:32)

ಅಕ್ಕ, ಆ ನಾಲ್ಕನೇ ಬೋಲ್ಟಿನ ಮಾತು ಓದಿ ಬೆನ್ನಲ್ಲಿ ಚಳಿ ಬಂತು. ಡಿಸೆಂಬರ್‌ನಲ್ಲಿ ಮತ್ತೆ ಹೋಗೋ ಟಿಕೆಟ್ ಆಗಿದೆ. ನಾವು ಹೇಗೆ ಗುರುತು ಹಿಡಿಯೋದು?

ಚಾಕ್‌ಚೀಲ (ರಾತ್ರಿ 10:50)

ಇಳಿದ ದಿನವೇ ಅಲ್ಲಿನ ಕ್ಲೈಂಬಿಂಗ್ ಅಂಗಡಿಗೆ ಹೋಗಿ, ಯಾವ ರೂಟ್ ಟೈಟಾನಿಯಂ ಆಗಿದೆ ಕೇಳು. ಅವರಿಗೆ ಬಾಯಿಪಾಠ. ನೋಡಿದರೂ ಗೊತ್ತಾಗುತ್ತೆ, ಮಂಕು ಬೂದು ಬಣ್ಣ, ನಟ್ ಇಲ್ಲ, ಬುಡದಲ್ಲಿ ಅಂಟಿನ ಉಂಗುರ. ಆದರೆ ಅಂಟಿನಲ್ಲಿ ಕೂರಿಸಿದ ಸ್ಟೇನ್‌ಲೆಸ್ ಬೋಲ್ಟುಗಳೂ ಇವೆ, ಅವು ಹೆಚ್ಚು ಹೊಳೆಯುತ್ತವೆ. ಬೆಸುಗೆ ಹಾಕಿದ್ದಾದರೆ ಆ ಬೆಸುಗೆಯ ಪಕ್ಕವೇ ಬಿರುಕಿಗೆ ಇಷ್ಟದ ಜಾಗ. ಸಂಶಯ ಬಂದರೆ ಇಳಿದು ಬಾ. ಅಲ್ಲಿ ಇನ್ನೂ ನೂರಾರು ರೂಟ್ ಇವೆ.

ಸುತ್ತಿಗೆ ತೆಗೆದುಕೊಂಡು ಹೋಗಿ ನೀನೇ ಕುಟ್ಟಿ ನೋಡೋದು ಬೇಡ. ಗಟ್ಟಿ ಅನ್ನಿಸಿದ್ದೂ ಗಟ್ಟಿ ಇರಬೇಕಾಗಿಲ್ಲ. ಕಲ್ಲಿನ ತೂತುಗಳಲ್ಲಿ ತೂರಿಸಿ ಕಟ್ಟಿದ ಹಗ್ಗದ ಕುಣಿಕೆಗಳೂ ಅಲ್ಲಿ ಜಾಸ್ತಿ. ಬಿಸಿಲಿಗೆ ಬಿಳಿಚಿದ್ದರೆ ಅವನ್ನೂ ನಂಬಬೇಡ. ಈಗ ಪರ್ವತಾರೋಹಿಗಳ ಅಂತರರಾಷ್ಟ್ರೀಯ ಒಕ್ಕೂಟ ಯುಐಎಎ ಕೂಡ ತನ್ನ 123ನೇ ನಿಯಮದಲ್ಲಿ ಬೋಲ್ಟುಗಳಿಗೆ ಬಲದ ಜೊತೆ ತುಕ್ಕಿನ ಲೆಕ್ಕದಲ್ಲೂ ದರ್ಜೆ ಮಾಡಿದೆ, ಎಸ್‌ಸಿಸಿಗೇ ಬೇರೆ ದರ್ಜೆ ಇದೆ. ಕೊಳ್ಳೋರು ಅದನ್ನು ನೋಡಬೇಕು.

ಪೀಣ್ಯ ಗ್ರಿಲ್ (ಮಂಗಳವಾರ, ಬೆಳಿಗ್ಗೆ 6:50)

ಒಪ್ಪಿದೆ ಸಾರ್. ಬೆಸುಗೆ ವಿಷಯ ಮೇಡಂ ಹೇಳಿದ್ದು ನೂರಕ್ಕೆ ನೂರು. ಟೈಟಾನಿಯಂ ಬೆಸುಗೆ ಒಂದೇ ಸಲ ನೋಡಿದ್ದೇನೆ. ಎಲ್ಲ ಕಡೆಯಿಂದ ಆರ್ಗಾನ್ ಮುಚ್ಚಬೇಕು, ಸ್ವಲ್ಪ ಗಾಳಿ ತಾಗಿದರೂ ನೀಲಿ ತಿರುಗಿ ಪೆಡಸಾಗುತ್ತೆ. ನಮ್ಮ ಶೆಡ್ಡಿನಲ್ಲಿ ಆಗೋ ಮಾತಲ್ಲ.

ಗೋಕರ್ಣ ಗಾಳಿ (ಮಂಗಳವಾರ, ಬೆಳಿಗ್ಗೆ 8:20)

ನಿನ್ನೆ ರಾತ್ರಿ ಅಡುಗೆಮನೆಗೆ ಹೋಗಿ ಉಪ್ಪಿನ ಮರಿಗೆ ನೋಡಿದೆ. ತಳದಲ್ಲಿ ನೀರು. ಬೆರಳಲ್ಲಿ ಮುಟ್ಟಿ ನಾಲಿಗೆಗೆ ಇಟ್ಟೆ, ಉಪ್ಪಿಗಿಂತ ಕಹಿ ಜಾಸ್ತಿ. ಆಯಿ ಬಂದು ಇಷ್ಟು ಹೊತ್ತಿನಲ್ಲಿ ಏನು ಹುಡುಕ್ತಿದ್ದೀಯ ಅಂದರು. ಮೆಗ್ನೀಸಿಯಂ ಅಂದೆ.

ಹಾಗಾದರೆ ನನ್ನ ಗೋಡೆ?

ಉಪ್ಪುನೀರು (ಮಂಗಳವಾರ, ಬೆಳಿಗ್ಗೆ 9:00)

ಆ ಕಹಿ ಮೆಗ್ನೀಸಿಯಂನದ್ದೇ. ನಿಮ್ಮ ಗೋಡೆ ಯಾವ ಕಲ್ಲು?

ಗೋಕರ್ಣ ಗಾಳಿ (ಮಂಗಳವಾರ, ಬೆಳಿಗ್ಗೆ 9:04)

ಮೇಲೆ ಚಿರೆಕಲ್ಲು. ಕೆಳಗೆ ಕಪ್ಪು ಕಲ್ಲು, ಗಟ್ಟಿ ಇದೆ.

ಉಪ್ಪುನೀರು (ಬೆಳಿಗ್ಗೆ 9:15)

ನೀವು ಚಿರೆಕಲ್ಲು ಅನ್ನೋದು ನಮ್ಮ ಮುರಕಲ್ಲು ಅಲ್ವಾ? ಕೊಡಲಿಯಲ್ಲಿ ಕಡಿದು ಮನೆ ಕಟ್ಟುವ ಕಲ್ಲಿಗೆ ಬೋಲ್ಟ್ ಹಾಕಿ ಅದಕ್ಕೆ ನೇತಾಡುತ್ತೀರಾ? ಬೋಲ್ಟಿನ ಲೋಹದ ಮಾತು ಬಿಡಿ, ಕಲ್ಲೇ ಮೊದಲು ಕಿತ್ತು ಬರುತ್ತೆ.

ಚಾಕ್‌ಚೀಲ (ಬೆಳಿಗ್ಗೆ 9:40)

ತಮ್ಮಾ, ಕೆಳಗಿನ ಕಲ್ಲು ಗಟ್ಟಿ ಇದ್ದರೂ ಆಂಕರ್ (ಕೊನೆಗೆ ಹಗ್ಗ ಸಿಕ್ಕಿಸಿ ಇಳಿಯೋ ಬೋಲ್ಟುಗಳು) ಬರಬೇಕಾದದ್ದು ಮೇಲೆ, ಆ ಚಿರೆಕಲ್ಲಿನಲ್ಲೇ. ಅದು ಬೇಡ. ಇನ್ನೊಂದು ಮಾತು. ಬೋಲ್ಟ್ ಹಾಕಿದವನು ಆಮೇಲೆ ಊರಲ್ಲಿ ಇರಲ್ಲ, ಬೋಲ್ಟ್ ಇರುತ್ತೆ. ಐದು ವರ್ಷ ಬಿಟ್ಟು ಯಾರೋ ಪ್ರವಾಸಿ ಬಂದು, ಓ ಇಲ್ಲಿ ಹ್ಯಾಂಗರ್ ಇದೆ, ಹೊಳೆಯುತ್ತಾ ಇದೆ ಅಂತ ಹಗ್ಗ ಸಿಕ್ಕಿಸುತ್ತಾನೆ. ಆ ಹತ್ತು ಬೋಲ್ಟ್ ಬಾದಾಮಿಗೆ ಕೊಡು. ಅದು ಒಣ ಊರು, ಸಮುದ್ರದಿಂದ ದೂರ, 304ಕ್ಕೆ ಅಲ್ಲಿ ಈ ಕಾಟ ಇಲ್ಲ. ಅಲ್ಲಿ ಯಾರಿಗೆ ಕೊಡಬೇಕು ಅಂತ ಮೆಸೇಜ್ ಮಾಡುತ್ತೇನೆ. ನಿನ್ನ ಗೋಡೆಯ ಕೆಳಗಿನ ಮೂರು ಮೀಟರ್ ಹಗ್ಗ ಇಲ್ಲದೆ ಹತ್ತು. ಕೆಳಗೆ ಮರಳಿದ್ದರೆ.

ಗೋಕರ್ಣ ಗಾಳಿ (ಬೆಳಿಗ್ಗೆ 10:10)

ಮರಳಿದೆ ಅಕ್ಕ. ಭರತ (ಸಮುದ್ರದ ಉಬ್ಬರ) ಬಂದರೆ ಮಾತ್ರ ನೀರು.

ಸರಿ. ಬೋಲ್ಟ್ ಬಾದಾಮಿಗೆ. ಡ್ರಿಲ್ ಮಾವನಿಗೆ.

ಪೀಣ್ಯ ಗ್ರಿಲ್ (ಬೆಳಿಗ್ಗೆ 10:30)

ತಮ್ಮಾ ಒಂದು ಕೆಲಸ ಮಾಡೋಣ. ನಾನು 304 ಪಟ್ಟಿ ಒಂದನ್ನು ಕೊಕ್ಕೆ ಥರ ಮಡಚಿ ಕೊರಿಯರ್ ಮಾಡುತ್ತೇನೆ, ಅಸಲಿ 304, ಬಿಲ್ ಸಮೇತ. ನಿಮ್ಮ ಮನೆ ಮಾಡಿನ ಕೆಳಗೆ, ಮಳೆ ತಾಗದ ಕಡೆ, ಸಮುದ್ರಕ್ಕೆ ಮುಖ ಮಾಡಿ ನೇತುಹಾಕು. ನೋಡೋಣ ಏನಾಗುತ್ತೆ.

ಉಪ್ಪುನೀರು (ಬೆಳಿಗ್ಗೆ 10:45)

ಮಾಡಿ. ಆದರೆ ಒಂದು ವರ್ಷದಲ್ಲಿ ಬಿರುಕು ಕಾಣದಿದ್ದರೆ ಭಯ ಇಲ್ಲ ಅಂತ ತೀರ್ಮಾನಿಸಬೇಡಿ.

ಗೋಕರ್ಣ ಗಾಳಿ (ಐದು ತಿಂಗಳ ನಂತರ, ಶನಿವಾರ)

ಕೊಕ್ಕೆ ವರದಿ. ಮೊದಲ ತಿಂಗಳು ಏನಿಲ್ಲ. ಈಗ ಮಡಿಕೆಯ ಒಳಬದಿಯಲ್ಲಿ ಸಾಸಿವೆಯಷ್ಟು ಕಂದು ಚುಕ್ಕೆ, ಏಳೋ ಎಂಟೋ ಇವೆ. ಒರೆಸಿದರೆ ಅರ್ಧ ಹೋಗುತ್ತೆ. ಭೂತಗನ್ನಡಿಯಲ್ಲಿ ನೋಡಿದೆ, ಬಿರುಕು ಕಾಣಲಿಲ್ಲ. ಒಂದು ತೊಂದರೆ ಆಗಿದೆ. ನಾನು ಕಾಲೇಜಿಗೆ ಹೋದಾಗ ಆಯಿ ಅದಕ್ಕೆ ಬಾಳೆಗೊನೆ ನೇತುಹಾಕಿದ್ದಾರೆ. ದೊಡ್ಡ ಗೊನೆ. ಪ್ರಯೋಗ ಹಾಳಾಯಿತು ಅಂತ ತೆಗೆಯೋಕೆ ಹೋದರೆ ಬೈತಾರೆ.

ಉಪ್ಪುನೀರು (ಶನಿವಾರ, ರಾತ್ರಿ 8:02)

ತೆಗೆಯಬೇಡಿ ಮಾರಾಯ್ರೆ! ಎಳೆತ ಒಂದು ಕಡಿಮೆ ಇತ್ತು, ನಿಮ್ಮ ಆಯಿ ಅದನ್ನೂ ಕೊಟ್ಟರು. ಗೊನೆ ಎಷ್ಟು ಕಿಲೋ ಅಂತ ತೂಗಿ ಬರೆದಿಡಿ. ಅದರ ಕೆಳಗೆ ಯಾರೂ ಮಲಗದಿರಲಿ.